ಸೆಕೆ ಬೇರೆ, ಪಸೆ ಬೇರೆ: ಕರಾವಳಿಯ ಮನೆಗೆ ಯಾವ ಸ್ಮಾರ್ಟ್ ಥರ್ಮೋಸ್ಟಾಟ್?

ಮೊದಲಿಗೇ ಹೇಳಿಬಿಡುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಸ್ಪ್ಲಿಟ್ ಎಸಿ ಇರುವ ಮನೆಗೆ ಗೋಡೆಗೆ ಕೂರಿಸುವ ಗುಂಡನೆಯ ಸ್ಮಾರ್ಟ್ ಥರ್ಮೋಸ್ಟಾಟ್ (ಬಿಸಿ ನೋಡಿ ಎಸಿಯನ್ನು ನಡೆಸುವ, ನಿಲ್ಲಿಸುವ ಸಾಧನ) ಬೇಡ. ನಮಗೆ ಬೇಕಾದದ್ದು ಬಿಸಿಯ ಜೊತೆ ತೇವವನ್ನೂ ನೋಡಿ ಎಸಿ ನಡೆಸುವ ಏರ್ಪಾಡು. ಕೆಲವರಿಗೆ ಅದು ಈಗ ಕೈಯಲ್ಲಿರುವ ರಿಮೋಟೇ ಆಗಬಹುದು. ಕೆಲವರಿಗೆ ರಿಮೋಟಿನ ಕೆಲಸ ಮಾಡುವ ಪುಟ್ಟ ಡಬ್ಬಿ. ಹೊಸ ಎಸಿ ಕೊಳ್ಳುವವರಿಗೆ ವೈಫೈ ಇರುವ ಇನ್ವರ್ಟರ್ ಎಸಿ. ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರದ ಲೆಕ್ಕವೇ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಹುಟ್ಟಿದ್ದು ಸಿರ್ಸಿ ಪಕ್ಕದ ಹಳ್ಳಿಯಲ್ಲಿ. ಸಂಸಾರ ಕಾರವಾರದ ಕೋಡಿಬಾಗದಲ್ಲಿ. ಬೇಸಿಗೆಯಲ್ಲಿ ತವರಿಗೆ ಹೋಗಿ ಬರುವಾಗ ದೇವಿಮನೆ ಘಟ್ಟ ಇಳಿದು ಮುಗಿಯುವ ಹೊತ್ತಿಗೆ ಸೀರೆ ಬೆನ್ನಿಗೆ ಅಂಟಿಕೊಂಡಿರುತ್ತದೆ. ಹಾಗಂತ ಕಾರವಾರದಲ್ಲಿ ಬಿಸಿಲು ವಿಪರೀತ ಅಂತಲ್ಲ. ಮೇ ತಿಂಗಳಲ್ಲೂ ಇಲ್ಲಿ ಹಗಲು 33–34 ಡಿಗ್ರಿ ಆಸುಪಾಸು. ಕಲಬುರಗಿ, ರಾಯಚೂರಿನವರು ಆ ಹೊತ್ತಿಗೆ 40 ದಾಟಿರುತ್ತಾರೆ. ಆದರೂ ಅಲ್ಲಿಂದ ವರ್ಗವಾಗಿ ಬಂದವರೇ ಇಲ್ಲಿಯ ಸೆಕೆ ತಡೆಯಲಾರೆವು ಅನ್ನುತ್ತಾರೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಸಮುದ್ರದ ಗಾಳಿಯಲ್ಲಿ ಮೊದಲೇ ನೀರು ತುಂಬಿರುವಾಗ ಬೆವರು ಆರುವುದಾದರೂ ಎಲ್ಲಿಗೆ?

ಎಸಿಗೆ ಏನು ಕೊಂಡರೂ ಈ ಮಾತು ನೆನಪಿರಲಿ. ಬಹಳಷ್ಟು ಸ್ಮಾರ್ಟ್ ಸಾಮಾನುಗಳು ಡಿಗ್ರಿಯನ್ನು ಮಾತ್ರ ನೋಡುತ್ತವೆ.

ಗೋಡೆಯ ಥರ್ಮೋಸ್ಟಾಟ್ ನಮ್ಮ ಎಸಿಗೆ ಯಾಕೆ ಹೊಂದುವುದಿಲ್ಲ

ಥರ್ಮೋಸ್ಟಾಟ್ ಹೊಸ ಪದಾರ್ಥವೇನಲ್ಲ. ಇಸ್ತ್ರಿಪೆಟ್ಟಿಗೆ ಕಾದಾಗ ಟಕ್ ಅಂತ ದೀಪ ಆರುತ್ತದಲ್ಲ, ಅದೇ. ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಬಿಸಿಗೆ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಮ್ಮಿ. ಪಟ್ಟಿ ಬಾಗಿ ಕರೆಂಟ್ ಕಡಿಯುತ್ತದೆ. ತಣಿದರೆ ನೆಟ್ಟಗಾಗಿ ಮತ್ತೆ ಕೂಡುತ್ತದೆ. ಈಗಿನ ಎಸಿಗಳಲ್ಲಿ ಆ ಪಟ್ಟಿಯ ಬದಲು ಥರ್ಮಿಸ್ಟರ್ ಎಂಬ ಕಾಳುಮೆಣಸಿನಷ್ಟು ಮಣಿ ಇರುತ್ತದೆ. ಬಿಸಿ ಏರಿದಂತೆ ಅದು ಕರೆಂಟಿಗೆ ಒಡ್ಡುವ ತಡೆ ಇಳಿಯುತ್ತದೆ. ಅದನ್ನು ಅಳೆದು ಒಳಗಿನ ಬೋರ್ಡು ಕಂಪ್ರೆಸರ್ ನಡೆಸಬೇಕೋ ನಿಲ್ಲಿಸಬೇಕೋ ಅಂತ ತೀರ್ಮಾನಿಸುತ್ತದೆ. 24 ಅಂತ ಇಟ್ಟರೆ ಸರಿಯಾಗಿ 24ಕ್ಕೇ ಹಿಡಿದಿಡುವುದಿಲ್ಲ, ಸ್ವಲ್ಪ ಆಚೀಚೆ ಬಿಡುತ್ತದೆ. ಹಾಗೆ ಬಿಡದಿದ್ದರೆ ಕಂಪ್ರೆಸರ್ ಗಳಿಗೆಗೊಮ್ಮೆ ಶುರುವಾಗಿ ನಿಂತು ಬೇಗ ಹಾಳಾಗುತ್ತದೆ. ಒಮ್ಮೆ ನಿಂತ ಕಂಪ್ರೆಸರ್ ಮತ್ತೆ ಶುರುವಾಗಲು ಸುಮಾರು 3 ನಿಮಿಷ ಕಾಯುವುದೂ ಅದಕ್ಕೇ.

ಸ್ಮಾರ್ಟ್ ಥರ್ಮೋಸ್ಟಾಟ್ ಇದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಯಾವ ಹೊತ್ತಿಗೆ ಎಷ್ಟು ಡಿಗ್ರಿ ಬೇಕು ಎಂಬ ವೇಳಾಪಟ್ಟಿ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬ ಅಂದಾಜು. ಫೋನಿನಿಂದ ನಡೆಸುವ ಅನುಕೂಲ. 2011ರಲ್ಲಿ ಬಂದ ನೆಸ್ಟ್ ಕಂಪನಿಯ ಥರ್ಮೋಸ್ಟಾಟ್ ಇದನ್ನು ಮನೆಮಾತು ಮಾಡಿತು. ಮನೆಯವರು ಯಾವಾಗ ಏನು ತಿರುಗಿಸುತ್ತಾರೆ ಅಂತ ನೋಡಿ ಅದು ತಾನೇ ವೇಳಾಪಟ್ಟಿ ಕಲಿಯುತ್ತಿತ್ತು. 2014ರಲ್ಲಿ ಗೂಗಲ್ ಆ ಕಂಪನಿಯನ್ನು 320 ಕೋಟಿ ಡಾಲರ್‌ಗೆ ಕೊಂಡಿತು.

ಆದರೆ ಅದು ಹುಟ್ಟಿದ್ದು ಅಮೆರಿಕದ ಮನೆಗಳಿಗೆ. ಅಲ್ಲಿ ಇಡೀ ಮನೆಗೆ ಒಂದೇ ಯಂತ್ರ. ಕೊಳವೆಗಳಲ್ಲಿ ಎಲ್ಲ ಕೋಣೆಗೂ ಗಾಳಿ ಹೋಗುತ್ತದೆ. ಗೋಡೆಯ ಥರ್ಮೋಸ್ಟಾಟಿಗೆ 24 ವೋಲ್ಟಿನ ಸಣ್ಣ ವೈರುಗಳು ಬರುತ್ತವೆ. ಒಂದು ತಂಪು ಮಾಡು ಅನ್ನಲು, ಒಂದು ಬಿಸಿ ಮಾಡು ಅನ್ನಲು, ಇನ್ನೊಂದು ಫ್ಯಾನಿಗೆ.

ಎರಡು ವರ್ಷದ ಹಿಂದೆ ಅಮೆರಿಕದಲ್ಲಿರುವ ಭಾವ ಬರುವಾಗ ಅಂಥದ್ದೊಂದು ತಂದುಕೊಟ್ಟರು. ಬಹಳ ಚೆಂದದ ವಸ್ತು. ಎಲೆಕ್ಟ್ರಿಶಿಯನ್ ಹುಡುಗ ಬಂದು ನಮ್ಮ ಎಸಿಯ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದ. "ಅಕ್ಕಾ, ಇದ್ಕೆ ಜೋಡ್ಸೂಕೆ ನಮ್ಮ ಎಸೀಲಿ ಜಾಗವೇ ಇಲ್ಲ" ಅಂದ. ಅವನ ಮಾತು ನಿಜ. ನಮ್ಮ ಸ್ಪ್ಲಿಟ್ ಎಸಿಯ ಒಳಗಿನ ಘಟಕವೂ ಹೊರಗಿನ ಘಟಕವೂ ಅವುಗಳದೇ ಭಾಷೆಯಲ್ಲಿ ಮಾತಾಡುತ್ತವೆ. ಮಧ್ಯೆ ಗೋಡೆಯ ಥರ್ಮೋಸ್ಟಾಟಿಗೆ ಅಂತ ವೈರು ಇರುವುದಿಲ್ಲ. ಕೊಳವೆಯಲ್ಲಿ ಗಾಳಿ ಹಾಯಿಸುವ ಡಕ್ಟ್ ಎಸಿ ಇರುವ ಹೊಟೇಲು, ಹಾಲುಗಳಿಗೆ ಅದು ಸರಿ. ಯಾರಾದರೂ ಹೊರದೇಶದಿಂದ ತರುತ್ತೇವೆ ಅಂದರೆ ಮೊದಲೇ ಬೇಡ ಅನ್ನಿ.

ಒಂದು ಕೋಣೆಯ ಗಾಳಿಯಲ್ಲಿ ನೀರೆಷ್ಟು?

ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಮಲಗುವ ಕೋಣೆ ತೆಗೆದುಕೊಳ್ಳಿ. ಒಳಗಿರುವ ಗಾಳಿ ಸುಮಾರು 34 ಘನ ಮೀಟರ್. 30 ಡಿಗ್ರಿ ಬಿಸಿ, ಶೇ. 80 ತೇವ ಇದ್ದರೆ ಒಂದೊಂದು ಘನ ಮೀಟರಿನಲ್ಲೂ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಇಡೀ ಕೋಣೆಯಲ್ಲಿ ಮುಕ್ಕಾಲು ಲೀಟರಿಗೂ ಜಾಸ್ತಿ ನೀರು! ಅದೇ ಕೋಣೆ 26 ಡಿಗ್ರಿ, ಶೇ. 55 ತೇವಕ್ಕೆ ಬಂದರೆ ಹಾಯಾಗಿ ನಿದ್ದೆ ಬರುತ್ತದೆ. ಆಗ ಗಾಳಿಯಲ್ಲಿ ಉಳಿಯುವ ನೀರು ಅರ್ಧ ಲೀಟರಿಗೂ ಕಮ್ಮಿ. ಉಳಿದದ್ದು ಎಸಿಯ ಒಳಗಿನ ತಣ್ಣನೆ ಕೊಳವೆಸುರುಳಿಯ, ಅಂದರೆ ಕಾಯಿಲ್ ಮೇಲೆ ಹನಿಯಾಗಿ ಪೈಪಿನಲ್ಲಿ ಹೊರಗೆ ಹೋಗಬೇಕು. ಬಾಗಿಲ ಸಂದಿನಿಂದ ಹೊಸ ಆವಿ ಬರುತ್ತಲೇ ಇರುತ್ತದೆ. ನಮ್ಮ ಉಸಿರಿನಿಂದಲೂ ಬರುತ್ತದೆ. ಕಳೆದ ಮೇನಲ್ಲಿ ಒಂದು ರಾತ್ರಿ ಎಸಿಯ ನೀರಿನ ಪೈಪಿನಡಿ ಬಕೆಟ್ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧ ಬಕೆಟ್. ಕರಾವಳಿಯಲ್ಲಿ ಎಸಿ ಮಾಡುವ ಕೆಲಸದ ದೊಡ್ಡ ಪಾಲು ಈ ನೀರು ಹಿಂಡುವುದೇ.

ತೊಂದರೆ ಶುರುವಾಗುವುದು ಮಳೆಗಾಲದಲ್ಲಿ. ಜುಲೈ ರಾತ್ರಿ ಕೋಣೆಯಲ್ಲಿ ಸುಮಾರು 26 ಡಿಗ್ರಿ. ತೇವ 90ರ ಹತ್ತಿರ. ಹಾಸಿಗೆ ಮುಟ್ಟಿದರೆ ಪಸೆ, ಕಪಾಟು ತೆಗೆದರೆ ಬೂಷ್ಟಿನ ವಾಸನೆ. ಎಸಿಯನ್ನು 25ಕ್ಕೆ ಇಟ್ಟರೆ ಹತ್ತು ನಿಮಿಷದಲ್ಲಿ ಅಷ್ಟು ತಂಪಾಗಿಬಿಡುತ್ತದೆ. ಥರ್ಮೋಸ್ಟಾಟಿನ ಪ್ರಕಾರ ಕೆಲಸ ಮುಗಿಯಿತು. ಕಂಪ್ರೆಸರ್ ನಿಲ್ಲುತ್ತದೆ. ಒಳಗಿನ ಫ್ಯಾನು ಮಾತ್ರ ತಿರುಗುತ್ತಲೇ ಇರುತ್ತದೆ. ಕಾಯಿಲ್ ಮೇಲೆ ಅಂಟಿಕೊಂಡಿದ್ದ ನೀರನ್ನೆಲ್ಲ ಅದು ಮತ್ತೆ ಕೋಣೆಗೇ ಊದುತ್ತದೆ! ಕೋಣೆ ತಂಪಾಗಿದೆ, ಪಸೆ ಹೋಗಿಲ್ಲ, ಕೈಕಾಲು ಥಂಡಿ. ನನ್ನ ಆಯಿ (ಅಮ್ಮ) ಬಂದಾಗಲೆಲ್ಲ ಹೇಳುವುದು ಇದನ್ನೇ. "ಕೂಸೇ, ಇದ್ನ ಬಂದ್ ಮಾಡೇ, ಕಾಲೆಲ್ಲ ಹಿಡ್ಕಂಜು" ಅನ್ನುತ್ತಾಳೆ. ವಯಸ್ಸಾದವರ ಗೊಣಗು ಅಂತ ಬಿಟ್ಟುಬಿಡಬೇಡಿ. ಅವರ ಮೈ ಹೇಳುತ್ತಿರುವುದು ಸರಿಯೇ.

ಕೋಣೆಗೆ ಮೀರಿದ ಎಸಿ ಹಾಕಿದರೂ ಇದೇ ಗತಿ. ಒಂದು ಟನ್ ಸಾಕಾಗುವ ಕೋಣೆಗೆ "ಕರಾವಳಿ ಅಲ್ವಾ, ಎರಡು ಟನ್ ಇರಲಿ" ಅಂತ ಕೊಡಿಸುವವರಿದ್ದಾರೆ. ಅದು ಗಳಿಗೆಯಲ್ಲಿ ತಂಪು ಮಾಡಿ ನಿಲ್ಲುತ್ತದೆ. ನೀರು ಹಿಂಡಲು ಅದಕ್ಕೆ ಹೊತ್ತೇ ಸಿಗುವುದಿಲ್ಲ.

ಆದ್ದರಿಂದ ಯಾವುದನ್ನೇ ಆರಿಸುವ ಮೊದಲು ಬಿಸಿ ಮತ್ತು ತೇವ ಎರಡನ್ನೂ ತೋರಿಸುವ ಪುಟ್ಟ ಮೀಟರ್ ತನ್ನಿ. ಮುನ್ನೂರರಿಂದ ಐನೂರು ರೂಪಾಯಿಗೆ ಸಿಗುತ್ತದೆ. ಎಸಿಯ ಹತ್ತಿರ ಅಲ್ಲ, ದಿಂಬಿನ ಎತ್ತರಕ್ಕೆ ಇಡಿ. ನಾಲ್ಕು ರಾತ್ರಿ ನೋಡಿ. ಎಸಿ ಹಚ್ಚಿ ಒಂದು ಗಂಟೆಯಾದ ಮೇಲೆ ತೇವ 50–60ರ ಒಳಗೆ ಬಂದರೆ ನಿಮಗೆ ಸದ್ಯ ಏನೂ ಕೊಳ್ಳುವ ಅಗತ್ಯವಿಲ್ಲ. 65ರ ಮೇಲೇ ನಿಂತರೆ ಮುಂದಕ್ಕೆ ಓದಿ.

ಕೈಯಲ್ಲಿರುವ ರಿಮೋಟ್

ಖರ್ಚಿಲ್ಲದ ದಾರಿ ಇದು. ಆದರೆ ರಿಮೋಟಿನ ಅರ್ಧ ಗುಂಡಿಗಳನ್ನು ನಾವು ಮುಟ್ಟಿಯೇ ಇರುವುದಿಲ್ಲ.

ಡ್ರೈ ಅಂತ ಒಂದು ಗುಂಡಿ ಇರುತ್ತದೆ, ನೀರ ಹನಿಯ ಚಿತ್ರದ್ದು. ಆಗ ಫ್ಯಾನು ನಿಧಾನ ತಿರುಗುತ್ತದೆ. ಗಾಳಿ ತಣ್ಣನೆ ಕಾಯಿಲ್ ಮೇಲೆ ಮೆಲ್ಲಗೆ ಹಾಯುವುದರಿಂದ ನೀರು ಜಾಸ್ತಿ ಇಳಿಯುತ್ತದೆ, ಕೋಣೆ ಅಷ್ಟು ಥಂಡಿ ಹಿಡಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಕೂಲ್ ಮೋಡ್ ಹಚ್ಚುವುದೇ ಅಪರೂಪ. ಮಲಗುವ ಮೊದಲು ಒಂದು ಗಂಟೆ ಡ್ರೈ, ಆಮೇಲೆ ಬಂದ್ ಮಾಡಿ ಫ್ಯಾನು. ಬಹಳ ರಾತ್ರಿಗಳಿಗೆ ಇಷ್ಟು ಸಾಕು.

ಇನ್ನೊಂದು ಗುಂಡಿಗೆ ಕೆಲವು ಕಂಪನಿಯವರು ಐ ಫೀಲ್ ಅನ್ನುತ್ತಾರೆ, ಕೆಲವರು ಫಾಲೋ ಮಿ. ಇದನ್ನು ಬಳಸುವವರು ಬಹಳ ಕಮ್ಮಿ, ನನಗೆ ಬೇಜಾರು ಅದೇ. ಎಸಿ ಬಿಸಿಯನ್ನು ಅಳೆಯುವುದು ತನ್ನ ಮೈಯೊಳಗೆ, ಅಂದರೆ ಮೇಲೆ ಸೂರಿನ ಹತ್ತಿರ. ಹಗಲೆಲ್ಲ ಬಿಸಿಲು ಕುಡಿದ ಆರ್‌ಸಿಸಿ ತಾರಸಿ ರಾತ್ರಿ ಹತ್ತಾದರೂ ಆರಿರುವುದಿಲ್ಲ. ಮೇಲೆ 28 ಇರುವಾಗ ಮಂಚದ ಮೇಲೆ 25 ಇರಬಹುದು. ಆ ಗುಂಡಿ ಒತ್ತಿದರೆ ರಿಮೋಟಿನೊಳಗಿರುವ ಸೆನ್ಸರ್ ಕೆಲಸಕ್ಕೆ ಬರುತ್ತದೆ. ಕೆಲವು ನಿಮಿಷಕ್ಕೊಮ್ಮೆ ರಿಮೋಟ್ ತಾನಿರುವ ಜಾಗದ ಬಿಸಿಯನ್ನು ಎಸಿಗೆ ಹೇಳುತ್ತದೆ. ರಿಮೋಟ್ ಎಸಿಗೆ ಕಾಣುವಂತಿರಬೇಕು, ಹೊದಿಕೆಯ ಅಡಿ ಹೋಗಬಾರದು ಅಷ್ಟೇ.

ಸ್ಲೀಪ್ ಗುಂಡಿ ಒತ್ತಿದರೆ ಗಂಟೆಗೊಂದು ಡಿಗ್ರಿಯಂತೆ ಸ್ವಲ್ಪ ಏರಿಸುತ್ತದೆ. ಬೆಳಗಿನ ಜಾವ ಎದ್ದು ಕಂಬಳಿ ಹುಡುಕುವುದು ತಪ್ಪುತ್ತದೆ. ಟೈಮರ್ ಎಲ್ಲರಿಗೂ ಗೊತ್ತಿರುವುದೇ.

ರಿಮೋಟಿನ ಕೊರತೆ ಒಂದೇ. ತೇವ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ. ಮೀಟರ್ ನೋಡಿ ಗುಂಡಿ ಒತ್ತುವವರು ನೀವೇ ಆಗಬೇಕು. ಬೇಸರವಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ದುಡ್ಡು ಉಳಿಯಿತು.

ಐಆರ್ ಡಬ್ಬಿ: ಹಳೆ ಎಸಿ ಇದ್ದವರಿಗೆ ನನ್ನ ಆಯ್ಕೆ

ಇದು ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ. ಒಂದು ಕಡೆ ಮನೆಯ ವೈಫೈಗೆ ಸೇರಿಕೊಳ್ಳುತ್ತದೆ. ಇನ್ನೊಂದು ಕಡೆ ಎಸಿ ರಿಮೋಟಿನ ಹಾಗೆಯೇ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿ ನೋಡುತ್ತಾ ಗುಂಡಿ ಒತ್ತಿ. ಬಹಳಷ್ಟು ಫೋನುಗಳಲ್ಲಿ ನೇರಳೆ ಬಣ್ಣದ ಮಿಣಮಿಣ ಕಾಣುತ್ತದೆ.

ಟಿವಿ ರಿಮೋಟಿಗೂ ಎಸಿ ರಿಮೋಟಿಗೂ ದೊಡ್ಡ ವ್ಯತ್ಯಾಸವಿದೆ. ಟಿವಿ ರಿಮೋಟ್ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತದೆ, ದನಿ ಏರಿಸು, ಚಾನೆಲ್ ಬದಲಿಸು ಅಂತ. ಎಸಿ ರಿಮೋಟ್ ಹಾಗಲ್ಲ. ಯಾವ ಗುಂಡಿ ಒತ್ತಿದರೂ ಸಾಮಾನ್ಯವಾಗಿ ಪೂರ್ತಿ ಸಮಾಚಾರ ಕಳಿಸುತ್ತದೆ. ಚಾಲೂ, ಕೂಲ್, 26 ಡಿಗ್ರಿ, ಫ್ಯಾನು ನಡುವೇಗ, ರೆಕ್ಕೆ ಮೇಲೆಕೆಳಗೆ, ಎಲ್ಲ ಒಟ್ಟಿಗೆ. ಹಾಗಾಗಿ ಡಬ್ಬಿಯವರ ಪಟ್ಟಿಯಲ್ಲಿ ನಿಮ್ಮ ಎಸಿಯ ಮಾಡೆಲ್ ಇರಲೇಬೇಕು. ಇಲ್ಲದಿದ್ದರೆ ಒಂದೊಂದು ಗುಂಡಿಯನ್ನೂ ಕಲಿಸಿಕೊಡಿ ಅನ್ನುತ್ತದೆ. 24 ಕೂಲ್ ಒಂದು ಪಾಠ, 25 ಕೂಲ್ ಇನ್ನೊಂದು ಪಾಠ, ಡ್ರೈ ಮತ್ತೊಂದು. ಅದು ಮುಗಿಯುವ ಕೆಲಸವಲ್ಲ.

ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಸಾದಾ ಡಬ್ಬಿಗಳಿಗೆ ಸೆನ್ಸರ್ ಇರುವುದಿಲ್ಲ. ಫೋನಿನಿಂದ ಎಸಿ ಹಚ್ಚುವುದು, ಆರಿಸುವುದು, ವೇಳಾಪಟ್ಟಿ, ಅಷ್ಟೇ. ನೀವು ಅದನ್ನು ಕೊಳ್ಳಬೇಡಿ. ಸ್ವಲ್ಪ ಜಾಸ್ತಿ ಕೊಟ್ಟು ಬಿಸಿ–ತೇವ ಎರಡೂ ಅಳೆಯುವ ಸೆನ್ಸರ್ ಇರುವುದನ್ನೇ ಕೊಳ್ಳಿ, ಅಥವಾ ಅದೇ ಕಂಪನಿಯ ಬೇರೆ ಸೆನ್ಸರ್ ಜೋಡಿಸಲು ಬರುವುದನ್ನು. ಆಗ ನಿಯಮ ಬರೆದಿಡಬಹುದು. ನನ್ನದು ಹೀಗಿದೆ: ರಾತ್ರಿ ಹತ್ತರ ನಂತರ ತೇವ 68 ದಾಟಿದರೆ ಡ್ರೈ ಮೋಡ್ ಹಚ್ಚು. 58ಕ್ಕೆ ಇಳಿದರೆ ಬಂದ್ ಮಾಡು. ಹಚ್ಚುವ ಅಂಕಿಗೂ ಆರಿಸುವ ಅಂಕಿಗೂ ನಡುವೆ ಹತ್ತರಷ್ಟು ಅಂತರ ಇರಲಿ. 60ಕ್ಕೆ ಹಚ್ಚು, 59ಕ್ಕೆ ಆರಿಸು ಅಂತ ಬರೆದರೆ ಕಂಪ್ರೆಸರ್‌ಗೆ ಉಸಿರಾಡಲೂ ಬಿಡುವು ಸಿಗುವುದಿಲ್ಲ. ಬಂದ್ ಅಂದರೆ ಪೂರ್ತಿ ಬಂದ್, ಒಳಗಿನ ಫ್ಯಾನೂ ನಿಲ್ಲಬೇಕು. ಆಗ ಕಾಯಿಲಿನ ನೀರು ಕೋಣೆಗೆ ವಾಪಸ್ ಬರದೆ ಕೆಳಗೆ ತೊಟ್ಟಿಕ್ಕುತ್ತದೆ.

ಇದರ ದೋಷವನ್ನೂ ಹೇಳಬೇಕು. ಡಬ್ಬಿ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಎಸಿ ನಿಜವಾಗಿ ಹೊತ್ತಿತೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಆಯಿ ಹಳೆ ರಿಮೋಟಿನಿಂದ ಬಂದ್ ಮಾಡಿ ಮಲಗಿದ್ದಳು. ನನ್ನ ಫೋನಿನಲ್ಲಿ ಬೆಳಗಿನವರೆಗೂ ಚಾಲೂ ಅಂತಲೇ ಇತ್ತು. ಹಳೆ ರಿಮೋಟಿನ ಬೆಳಕನ್ನೂ ಓದಿಕೊಳ್ಳುವ ಡಬ್ಬಿಗಳಿವೆ. ಮನೆಯಲ್ಲಿ ಹಿರಿಯರಿದ್ದರೆ ಅಂಥದ್ದನ್ನೇ ಹುಡುಕಿ. ಹಿರಿಯರ ಕೈಯಿಂದ ರಿಮೋಟ್ ಕಿತ್ತುಕೊಂಡು ಫೋನ್ ಕೊಡುವುದು ಸರಿಯಲ್ಲ.

ಇನ್ನು ವೈಫೈ. ಈ ಡಬ್ಬಿಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಫೋನು 5 ಗಿಗಾಹರ್ಟ್ಸ್‌ನಲ್ಲಿದ್ದರೆ ಮೊದಲ ಸಲ ಜೋಡಿಸುವಾಗ ಸತಾಯಿಸುತ್ತದೆ. ಚಿರೆಕಲ್ಲಿನ ಹಳೆ ಮನೆಯಾದರೆ ದಪ್ಪ ಗೋಡೆ ದಾಟಿ ಸಿಗ್ನಲ್ ಬರುತ್ತದೋ ನೋಡಿ. ಎಸಿ ಇರುವ ಕೋಣೆಗೆ ಫೋನ್ ಒಯ್ದು ಬಾಗಿಲು ಹಾಕಿಕೊಂಡು ಒಂದು ವಿಡಿಯೊ ಹಚ್ಚಿದರೆ ಗೊತ್ತಾಗುತ್ತದೆ.

ಜೋರು ಮಳೆಗೆ ಇಂಟರ್ನೆಟ್ ಹೋಗುವುದು ನಮಗೆ ಹೊಸದಲ್ಲ. ವೇಳಾಪಟ್ಟಿಯೂ ನಿಯಮಗಳೂ ಡಬ್ಬಿಯೊಳಗೇ ಇರುತ್ತವೋ, ದೂರದ ಸರ್ವರಿನಲ್ಲೋ? ತಂದ ಮೊದಲ ವಾರವೇ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಇದನ್ನು ಪರೀಕ್ಷೆ ಮಾಡಿ. ಐದು ನಿಮಿಷ ಬಿಟ್ಟು ಎಸಿ ಹಚ್ಚುವಂತೆ ಹೊತ್ತು ಇಡಿ. ಇಂಟರ್ನೆಟ್ ಕೇಬಲ್ ಕಿತ್ತು ರೂಟರ್ ಮಾತ್ರ ಉಳಿಸಿ. ಎಸಿ ಹೊತ್ತಿದರೆ ಇಟ್ಟುಕೊಳ್ಳಿ, ಹೊತ್ತದಿದ್ದರೆ ವಾಪಸ್ ಮಾಡಿ. ದೊಡ್ಡ ಕಂಪನಿ ಅಂತ ನಂಬಿ ಕೂರುವಂತೆಯೂ ಇಲ್ಲ. 2011 ಮತ್ತು 2012ರ ನೆಸ್ಟ್ ಥರ್ಮೋಸ್ಟಾಟುಗಳಿಗೆ ಆ್ಯಪ್ ಬೆಂಬಲ 2025ರ ಅಕ್ಟೋಬರ್ 25ಕ್ಕೆ ನಿಂತಿತು. ಗೋಡೆಯ ಮೇಲೆ ಕೈಯಿಂದ ತಿರುಗಿಸಿದರೆ ಅವು ಈಗಲೂ ನಡೆಯುತ್ತವೆ, ಫೋನಿಗೆ ಸಿಗುವುದಿಲ್ಲ. ನಮ್ಮ ಡಬ್ಬಿಯ ಗತಿ ಹಾಗಾದರೂ ಎಸಿಯ ರಿಮೋಟ್ ಕೈಯಲ್ಲಿ ಇದ್ದೇ ಇರುತ್ತದೆ. ಬೇರೆ ಡಬ್ಬಿ ತಂದರಾಯಿತು. ಈ ದಾರಿ ನನಗೆ ಹಿಡಿಸಲು ಇದೂ ಒಂದು ಕಾರಣ.

ವೈಫೈ ಇರುವ ಇನ್ವರ್ಟರ್ ಎಸಿ

ಹೊಸ ಎಸಿ ಕೊಳ್ಳುವುದೇ ಆಗಿದ್ದರೆ ಡಬ್ಬಿ ಬೇಡ, ಇದನ್ನೇ ನೋಡಿ. ಕೆಲವರು ಅಂಗಡಿಯಲ್ಲಿ ಕೇಳುತ್ತಾರೆ, "ಇನ್ವರ್ಟರ್ ಎಸಿ ಅಂದ್ರೆ ಕರೆಂಟ್ ಹೋದಾಗಲೂ ನಡೀತದಾ?" ಅಂತ. ನಡೆಯುವುದಿಲ್ಲ. ಬ್ಯಾಟರಿಯ ಇನ್ವರ್ಟರ್ ಬೇರೆ, ಇದು ಬೇರೆ. ಹಳೆ ಎಸಿಯ ಕಂಪ್ರೆಸರ್‌ಗೆ ಎರಡೇ ಸ್ಥಿತಿ, ಪೂರ್ತಿ ಓಟ ಇಲ್ಲವೇ ಪೂರ್ತಿ ನಿಲುಗಡೆ. ಇನ್ವರ್ಟರ್ ಎಸಿಯದು ಬೇಕಾದಷ್ಟೇ ನಿಧಾನವಾಗಿ ಓಡುತ್ತದೆ. ಕರೆಂಟ್ ಉಳಿಯುವುದು ಅದರಿಂದ.

ವೈಫೈ ಒಳಗೇ ಇರುವುದರಿಂದ ಎಸಿಯ ನಿಜ ಸ್ಥಿತಿ ಫೋನಿಗೆ ಬರುತ್ತದೆ. ಯಾರು ರಿಮೋಟ್ ಒತ್ತಿದರೂ ಗೊತ್ತಾಗುತ್ತದೆ. ಕೆಲವು ಮಾಡೆಲ್‌ಗಳು ಇಂದು ಎಷ್ಟು ಯೂನಿಟ್ ಸುಟ್ಟಿತು ಅಂತಲೂ ತೋರಿಸುತ್ತವೆ. ಆದರೆ ತೇವದ ಸೆನ್ಸರ್ ಇದೆಯಾ ಅಂತ ಕೇಳಿ. ವೈಫೈ ಇದ್ದ ಮಾತ್ರಕ್ಕೆ ಅದು ಇರುತ್ತದೆ ಅಂತಲ್ಲ. ಇನ್ವರ್ಟರ್ ಎಸಿ ತೀರಾ ನಿಧಾನ ಓಡುವಾಗ ಕಾಯಿಲ್ ಅಷ್ಟು ತಣ್ಣಗಿರುವುದಿಲ್ಲ, ನೀರು ಕಮ್ಮಿ ಇಳಿಯುತ್ತದೆ. ಮಳೆಗಾಲದಲ್ಲಿ ಇದು ಎದ್ದು ಕಾಣುತ್ತದೆ. ಒಳ್ಳೆಯ ಡ್ರೈ ಮೋಡ್ ಇರುವುದು ಇಲ್ಲಿ ಆ್ಯಪಿನ ಬಣ್ಣಕ್ಕಿಂತ ಮುಖ್ಯ.

ಕಾರವಾರದಂಥ ಊರಿನಲ್ಲಿ ಇನ್ನೊಂದು ಮಾತು. ಉಪ್ಪುಗಾಳಿ. ನಮ್ಮ ಹಳೆ ಎಸಿಯ ಹೊರಗಿನ ಘಟಕವನ್ನು ಕಡಲ ಕಡೆ ಮುಖ ಮಾಡಿ ಕೂರಿಸಿದ್ದರು. ನಾಲ್ಕೇ ವರ್ಷಕ್ಕೆ ಅಲ್ಯೂಮಿನಿಯಂ ತಗಡುಗಳು ಬೆರಳು ತಾಗಿಸಿದರೆ ಬಿಳಿ ಪುಡಿಯಾಗಿ ಉದುರುತ್ತಿದ್ದವು. ಬೋರ್ಡಿನ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು. ಅದರ ನಡುವೆ ಒಂದು ಸತ್ತ ಹಲ್ಲಿ. ಇನ್ವರ್ಟರ್ ಎಸಿಯ ಹೊರ ಘಟಕದಲ್ಲಿ ದುಬಾರಿ ಬೋರ್ಡು ಇರುತ್ತದೆ. ಕಾಯಿಲಿಗೆ ತುಕ್ಕು ತಡೆಯುವ ಲೇಪ, ಬೋರ್ಡಿಗೆ ಮುಚ್ಚಿದ ಪೆಟ್ಟಿಗೆ, ಬೋರ್ಡಿಗೂ ವಾರಂಟಿ, ಈ ಮೂರನ್ನು ಬಿಲ್ ಹಾಕಿಸುವ ಮೊದಲೇ ಕೇಳಿ. ಘಟಕವನ್ನು ಗೋಡೆಯ ಮರೆಗೆ, ಗಾಳಿಯಾಡುವ ಜಾಗದಲ್ಲಿ ಕೂರಿಸಲು ಹೇಳಿ. ಕೂರಿಸುವ ಕೆಲಸ ಮೇ ಒಳಗೆ ಮುಗಿಯಲಿ. ಮಳೆ ಹಿಡಿದ ಮೇಲೆ ಹೊರಗೋಡೆಯ ಕೆಲಸ ಸರಿಯಾಗುವುದಿಲ್ಲ.

ಹೆಂಚಿನ ಮನೆಯವರು, ಕೆಳಗೆ ಸೀಲಿಂಗ್ ಮಾಡಿಸದೆ ಯಾವ ಎಸಿಗೂ ದುಡ್ಡು ಹಾಕಬೇಡಿ. ತಂಪು ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತದೆ.

ಕರೆಂಟ್ ಬಿಲ್ಲಿನ ಲೆಕ್ಕ

2020ರ ಜನವರಿಯಿಂದ ಸ್ಟಾರ್ ಇರುವ ಎಸಿಗಳು ಹಚ್ಚಿದ ಕೂಡಲೇ 24ಕ್ಕೆ ನಿಲ್ಲುವಂತೆ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. ತೇವ 55ಕ್ಕೆ ಬಂದರೆ 27 ಡಿಗ್ರಿಯಲ್ಲೂ ಸುಖವಾಗಿ ಮಲಗಬಹುದು, ಮೇಲೆ ಫ್ಯಾನು ನಿಧಾನ ತಿರುಗುತ್ತಿದ್ದರೆ ಆಯಿತು. ಮಾಮೂಲಿ ಸೀಲಿಂಗ್ ಫ್ಯಾನು 75 ವಾಟ್ ತಿಂದರೆ ಕಮ್ಮಿ ಕರೆಂಟಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. 24ರಿಂದ 27ಕ್ಕೆ ಏರಿಸಿದ ಈ ಮೂರು ಡಿಗ್ರಿಯಲ್ಲಿ ಸಿಗುವ ಉಳಿತಾಯದ ಮುಂದೆ ಮನೆಯವರ ಅಭ್ಯಾಸ ಕಲಿಯುವ ಯಂತ್ರದ ಉಳಿತಾಯ ನಮಗೆ ದೊಡ್ಡದಲ್ಲ. ಅಮೆರಿಕದಲ್ಲಿ ಇಡೀ ಮನೆ ಹಗಲು ರಾತ್ರಿ ತಂಪಾಗಿರುತ್ತದೆ, ಜನ ಇಲ್ಲದಾಗ ಆರಿಸಿದರೆ ಬಹಳ ಉಳಿಯುತ್ತದೆ. ನಾವು ಹಚ್ಚುವುದೇ ಮಲಗುವಾಗ, ಅದೂ ಒಂದು ಕೋಣೆಗೆ.

ಹೆಸ್ಕಾಂ ಬಿಲ್ಲಿನಲ್ಲಿ ಗೃಹಜ್ಯೋತಿ ಪಡೆಯುವವರು ಇದನ್ನು ಲಕ್ಷ್ಯವಿಟ್ಟು ನೋಡಿ. ತಿಂಗಳಿಗೆ 200 ಯೂನಿಟ್ ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ರಾತ್ರಿಗೆ 5 ಯೂನಿಟ್ ಅಂದರೂ ಎಸಿಯೇ ತಿಂಗಳಿಗೆ 150. ಫ್ರಿಜ್, ಪಂಪು, ಮಿಕ್ಸಿ ಸೇರಿದರೆ ಗಡಿ ಹತ್ತಿರವೇ ಇರುತ್ತದೆ. ಯೂನಿಟ್ ತೋರಿಸುವ ಎಸಿ ಇಂಥ ಮನೆಗಳಿಗೆ ನಿಜವಾಗಿ ಉಪಯೋಗ. ತಿಂಗಳ ಇಪ್ಪತ್ತನೇ ತಾರೀಕಿಗೆ ಒಮ್ಮೆ ನೋಡಿದರೆ ಉಳಿದ ಹತ್ತು ದಿನ ಹೇಗೆ ನಡೆಸಬೇಕು ಅಂತ ಗೊತ್ತಾಗುತ್ತದೆ.

ಸ್ಮಾರ್ಟ್ ಪ್ಲಗ್: ಎಸಿಗೆ ಬೇಡ, ಗೀಸರಿಗೆ ಬೇಕು

ಎಸಿಯನ್ನು ಸ್ಮಾರ್ಟ್ ಪ್ಲಗ್ಗಿಗೆ ಸಿಕ್ಕಿಸಿ ಹೊತ್ತಿಗೆ ಸರಿಯಾಗಿ ಕರೆಂಟ್ ಕಡಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಓಡುತ್ತಿರುವ ಕಂಪ್ರೆಸರ್‌ನ ಕರೆಂಟನ್ನು ದಿನಾ ಹಾಗೆ ಕಡಿದರೆ ಅದಕ್ಕೂ ಬೋರ್ಡಿಗೂ ಒಳ್ಳೆಯದಲ್ಲ. ಸಣ್ಣ 10 ಆಂಪಿಯರ್ ಪ್ಲಗ್ ಆದರೆ ಬಿಸಿಯಾಗಿ ಸುಟ್ಟೇ ಹೋಗಬಹುದು. ಕರೆಂಟ್ ಬಂದಾಗ ತಾನೇ ಶುರುವಾಗುವ ಗುಣ ಇಲ್ಲದ ಎಸಿ ಮತ್ತೆ ಹೊತ್ತುವುದೂ ಇಲ್ಲ.

ಗೀಸರಿಗೆ ಇದೇ ಪ್ಲಗ್ ಬಹಳ ಸರಿ. ಇಲ್ಲಿಗೆ ಸಿರ್ಸಿಯ ಮಾತು ಬಂತು. ಸುಮಾರು 600 ಮೀಟರ್ ಎತ್ತರದ ಊರು, ಸುತ್ತ ಅಡಿಕೆ ತೋಟ, ಕಾಡು. ಬೇಸಿಗೆಯ ಎರಡು ತಿಂಗಳು ಬಿಟ್ಟರೆ ಅಲ್ಲಿ ಎಸಿಯ ಯೋಚನೆ ಬೇಡ, ಫ್ಯಾನು ಸಾಕು. ಬಿಸಿ–ತಂಪು ಎರಡೂ ಮಾಡುವ ಎಸಿ ಕೊಡಿಸಲು ಬಂದರೂ ಒಪ್ಪಬೇಡಿ. ಡಿಸೆಂಬರಿನ ಚಳಿಗೆ ಕಂಬಳಿ ಇದೆ. ಅಲ್ಲಿ ಮನೆಯಲ್ಲಿ ಬಿಸಿ ಬೇಕಾದದ್ದು ಒಂದಕ್ಕೇ, ಸ್ನಾನದ ನೀರಿಗೆ. ಮಳೆಗಾಲದಲ್ಲಿ ಕಪಾಟಿನ ಬೂಷ್ಟು ಜಾಸ್ತಿಯಾದರೆ ಎಸಿಯ ಬದಲು ಕಂಪ್ರೆಸರ್ ಇರುವ ಡಿಹ್ಯುಮಿಡಿಫೈಯರ್ ನೋಡಿ. ಅದು ಕೋಣೆಯನ್ನು ತಂಪು ಮಾಡದೆ ನೀರು ಮಾತ್ರ ಹಿಂಡುತ್ತದೆ, ಸ್ವಲ್ಪ ಬೆಚ್ಚಗೇ ಮಾಡುತ್ತದೆ. ಎರಡು ಮೂರು ಸಾವಿರದ ಪುಟ್ಟವು ಒಂದು ಕಪಾಟಿಗೆ ಸಾಕು, ಕೋಣೆಗೆ ಸಾಲುವುದಿಲ್ಲ.

ಗೀಸರಿನ ಲೆಕ್ಕ ಸುಲಭ. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 0.7 ಯೂನಿಟ್ ಬೇಕು. 2 ಕಿಲೋವಾಟ್ ಗೀಸರಿಗೆ 20 ನಿಮಿಷದ ಕೆಲಸ. ಗೀಸರಿನೊಳಗಿನ ಥರ್ಮೋಸ್ಟಾಟ್ ಕಾದ ಮೇಲೆ ಕಡಿಯುತ್ತದೆ, ನಿಜ. ಆದರೆ ಸ್ವಿಚ್ ಹಾಕಿಯೇ ಬಿಟ್ಟರೆ ತಣಿದಂತೆಲ್ಲ ಮತ್ತೆ ಕಾಯಿಸುತ್ತದೆ, ಇಡೀ ದಿನ. ಸೋಲಾರ್ ಇರುವ ಮನೆಯವರು ಮಳೆಗಾಲದಲ್ಲಿ ಒಳಗಿನ ಕರೆಂಟ್ ಕಾಯಿಲ್ ಹಾಕಿ ಮರೆಯುವುದೂ ಹೀಗೇ. 16 ಆಂಪಿಯರಿನ ಸ್ಮಾರ್ಟ್ ಪ್ಲಗ್ ಸಾವಿರದ ಆಸುಪಾಸಿಗೆ ಸಿಗುತ್ತದೆ. ಬಚ್ಚಲಿನ ಹೊರಗೆ, ನೀರು ಸಿಡಿಯದ ಕಡೆ ಇರಲಿ. ಅರ್ತಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಶಿಯನ್‌ಗೆ ತೋರಿಸಿ.

ತವರಿನಲ್ಲಿ ಗೀಸರ್ ಬೆಳಿಗ್ಗೆ 5.40ಕ್ಕೆ ಹೊತ್ತಿ 6.05ಕ್ಕೆ ಆರುವಂತೆ ಇಟ್ಟು ಬಂದಿದ್ದೇನೆ. ಅಪ್ಪ ತೋಟಕ್ಕೆ ಹೊರಡುವ ಮೊದಲು ಸ್ನಾನ ಮಾಡುವುದು ಆ ನೀರಲ್ಲಿ. ಆಯಿಗೆ ಮಾತ್ರ ಹಂಡೆಯ ನೀರೇ ಆಗಬೇಕು. ಅಡಿಕೆ ಸಿಪ್ಪೆ ತುಂಬಿ ಒಲೆ ಹಚ್ಚುತ್ತಾಳೆ. ಹಂಡೆಯ ಅಂಚಿಗೆ ಬೆರಳು ತಾಗಿಸಿ ನೋಡಿ, ಸಾಕು ಅನ್ನಿಸಿದಾಗ ಕೊಳ್ಳಿಯನ್ನು ಹಿಂದಕ್ಕೆ ಎಳೆಯುತ್ತಾಳೆ.